ಟ್ರೇಲರ್ ಗಾಲಿಯ ಹಬ್: ನೀರು, ಮಣ್ಣು, ಒಂದು ನಟ್ಟು

ಯಾದಗಿರಿ ಜಿಲ್ಲೆಯ ಶಹಾಪುರ ಮತ್ತು ಸುರಪುರ ಸೀಮೆಯಲ್ಲಿ ಬೆಳೆಯುವ ಹತ್ತಿ, ಭತ್ತ, ತೊಗರಿ, ಮೆಣಸಿನಕಾಯಿಗಳು ಹೊಲದ ಬದು ದಾಟಿ ಮಾರುಕಟ್ಟೆಯನ್ನೋ ಜಿನ್ನಿಂಗ್ ಕಾರ್ಖಾನೆಯನ್ನೋ ಅಕ್ಕಿ ಗಿರಣಿಯನ್ನೋ ಸೇರುವವರೆಗಿನ ದಾರಿಯ ದೊಡ್ಡ ಪಾಲು ಸವೆಯುವುದು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರಿನ ಮೇಲೆಯೇ. 1871ರಲ್ಲಿ ಮುಂಬಯಿ ಕಡೆಯ ಹಾಗೂ ಮದ್ರಾಸು ಕಡೆಯ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿಕೊಂಡಾಗ ಯಾದಗಿರಿ ಆ ರೈಲುಮಾರ್ಗದ ಮೇಲಿನ ನಿಲ್ದಾಣವಾಯಿತಾದರೂ ಶಹಾಪುರ ಮತ್ತು ಸುರಪುರ ಪಟ್ಟಣಗಳು ಅದರಿಂದ ದೂರದಲ್ಲಿಯೇ ಉಳಿದವು; ಆದ್ದರಿಂದ ಈ ಭಾಗದ ಸರಕು ಮೊದಲು ಎತ್ತಿನ ಬಂಡಿಯಲ್ಲಿ, ಈಗ ಟ್ರೇಲರಿನಲ್ಲಿ, ಅಂದರೆ ಎಂದಿನಿಂದಲೂ ಗಾಲಿಯ ಮೇಲೆಯೇ ಸಾಗಿದೆ. ಟ್ರ್ಯಾಕ್ಟರಿನ ಎಂಜಿನ್ನಿಗೆ ಸಿಗುವ ಆರೈಕೆಯ ಹತ್ತರಲ್ಲೊಂದು ಪಾಲೂ ಈ ಟ್ರೇಲರಿನ ಗಾಲಿಗೆ ಸಿಗುವುದಿಲ್ಲ ಎಂಬುದು ಯಾವ ಊರಿನ ಅಂಗಳದಲ್ಲಿ ನಿಂತು ನೋಡಿದರೂ ಕಾಣುವ ಸಂಗತಿಯಾಗಿದ್ದು, ರೈತನ ಕುಟುಂಬವೇ ಮನೆಯ ಅಂಗಳದಲ್ಲಿ ಮಾಡಿಕೊಳ್ಳಬಹುದಾದ ಈ ಆರೈಕೆಯನ್ನು ವಿವರವಾಗಿ ತಿಳಿದುಕೊಳ್ಳುವುದು ಅಗತ್ಯವಾಗಿದೆ.

ಗಾಲಿಯ ನಡುವೆ ಇರುವ, ಅಚ್ಚಿನ ತುದಿಯ ಮೇಲೆ ಕುಳಿತು ಸುತ್ತುವ ಎರಕದ ಗುಂಬಕ್ಕೆ ಹಬ್ ಎಂದು ಹೆಸರು. ಅಚ್ಚು ತಿರುಗುವುದಿಲ್ಲ, ಅದರ ತುದಿಯಲ್ಲಿ ಕಡೆದು ನುಣುಪು ಮಾಡಿದ ದಂಡದ ಸುತ್ತ ಹಬ್ ಮಾತ್ರ ತಿರುಗುತ್ತದೆ. ಇವೆರಡರ ನಡುವೆ, ಒಳಮಗ್ಗುಲಿಗೆ ದೊಡ್ಡದೊಂದು ಮತ್ತು ಹೊರಮಗ್ಗುಲಿಗೆ ಚಿಕ್ಕದೊಂದು, ಹೀಗೆ ಎರಡು ಬೇರಿಂಗುಗಳು ಎದುರುಬದುರಾಗಿ ಕುಳಿತಿರುತ್ತವೆ. ಇವುಗಳ ಉರುಳೆಗಳು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವಂತೆ ಇಳಿಜಾರಾಗಿರುವುದರಿಂದ ಇವನ್ನು ಟೇಪರ್ ರೋಲರ್ ಬೇರಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಹಕ್ಕುಪತ್ರ ಪಡೆದ ಈ ರಚನೆಯ ಹೆಚ್ಚುಗಾರಿಕೆಯೆಂದರೆ, ಮೇಲಿನಿಂದ ಬೀಳುವ ಭಾರವನ್ನೂ ತಿರುವಿನಲ್ಲಿ ಅಥವಾ ಬಂಡಿಜಾಡಿನಲ್ಲಿ ಗಾಲಿ ಮಗ್ಗುಲಿಗೆ ಜಗ್ಗುವ ಒತ್ತಡವನ್ನೂ ಅದು ಒಟ್ಟಿಗೆ ಹೊರಬಲ್ಲದು. ಹಬ್ಬಿನೊಳಗೆ ಬಿಗಿಯಾಗಿ ಕೂತ ಉಕ್ಕಿನ ಬಳೆಗೆ ಕಪ್ ಎಂದೂ, ಉರುಳೆಗಳ ಸಮೇತ ಅಚ್ಚಿನ ಮೇಲೆ ಕೂರುವ ಭಾಗಕ್ಕೆ ಕೋನ್ ಎಂದೂ ಹೆಸರು. ಒಳತುದಿಯಲ್ಲಿ ಗ್ರೀಸು ಹೊರಗೆ ಹೋಗದಂತೆ, ಕೆಸರು ಒಳಗೆ ಬರದಂತೆ ತಡೆಯುವ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಹೊರತುದಿಯಲ್ಲಿ ವಾಷರು, ಕೋಟೆಯ ತೆನೆಯಂತೆ ಕಚ್ಚು ಕೊರೆದ ಕ್ಯಾಸಲ್ ನಟ್ಟು, ಅದು ಬಿಚ್ಚಿಕೊಳ್ಳದಂತೆ ಹಿಡಿಯುವ ಸ್ಪ್ಲಿಟ್ ಪಿನ್ನು ಮತ್ತು ಇವೆಲ್ಲವನ್ನೂ ಮುಚ್ಚುವ ಹಬ್ ಕ್ಯಾಪ್ ಇರುತ್ತವೆ.

ಈ ಸಣ್ಣ ಜಾಗದ ಮೇಲೆ ಬೀಳುವ ಭಾರ ಸಾಮಾನ್ಯವಾದುದಲ್ಲ. ಹೇರು ಸಮೇತ 4 ಟನ್ ತೂಗುವ ಎರಡು ಗಾಲಿಯ ಟ್ರೇಲರಿನಲ್ಲಿ ಒಂದು ಪಾಲನ್ನು ಟ್ರ್ಯಾಕ್ಟರಿನ ಹುಕ್ಕು ಹೊತ್ತರೂ ಒಂದೊಂದು ಹಬ್ಬಿನ ಮೇಲೆ ಒಂದೂವರೆ ಟನ್ನಿಗೂ ಮಿಕ್ಕ ಭಾರ ಉಳಿಯುತ್ತದೆ. ಇಂಥ ಟ್ರೇಲರಿಗೆ ಹಾಕುವ 16 ಇಂಚು ರಿಮ್ಮಿನ ದೊಡ್ಡ ಟೈರು ಒಂದು ಸುತ್ತಿಗೆ ಸುಮಾರು 2.8 ಮೀಟರ್ ಸಾಗುತ್ತದೆಂದು ಹಿಡಿದರೆ, 20 ಕಿ.ಮೀ. ದಾರಿಗೆ ಅದು 7 ಸಾವಿರಕ್ಕೂ ಹೆಚ್ಚು ಸುತ್ತು ಸುತ್ತಬೇಕು. ಆದರೆ ವೇಗದ ಲೆಕ್ಕ ಬೇರೆಯೇ ಇದೆ: ಗಂಟೆಗೆ 25 ಕಿ.ಮೀ. ವೇಗದಲ್ಲಿ ಗಾಲಿ ನಿಮಿಷಕ್ಕೆ ತಿರುಗುವುದು ಸುಮಾರು 150 ಸುತ್ತು ಮಾತ್ರ, ಮತ್ತು ಇಂಥ ಬೇರಿಂಗಿಗೆ ಅದು ಬಹಳ ನಿಧಾನದ ತಿರುಗಾಟ. ಅಂದಮೇಲೆ ಸರಿಯಾಗಿರುವ ಹಬ್ ಎಷ್ಟೇ ಭಾರ ಹೊತ್ತರೂ ಕೈಯಿಟ್ಟರೆ ಬೆಚ್ಚಗಿರಬೇಕೇ ಹೊರತು ಸುಡಬಾರದು. ಸುಡುತ್ತಿದೆಯೆಂದರೆ ಅದಕ್ಕೆ ಬಿಸಿಲನ್ನೂ ಹೇರನ್ನೂ ಕಾರಣ ಹೇಳಿ ಸುಮ್ಮನಾಗುವಂತಿಲ್ಲ.

ಗಾಲಿಗೆ ಜಿಡ್ಡು ಹಾಕುವ ತಿಳಿವಳಿಕೆ ಈ ನಾಡಿಗೆ ಟ್ರ್ಯಾಕ್ಟರಿನೊಂದಿಗೆ ಬಂದದ್ದಲ್ಲ. ಮರದ ಗುಂಬ ಮತ್ತು ಕಬ್ಬಿಣದ ಅಚ್ಚಿನ ಬಂಡಿಗಳ ಕಾಲದಲ್ಲಿ ಔಡಲ ಎಣ್ಣೆಗೆ ಹುಲ್ಲು ಅಥವಾ ಬಟ್ಟೆ ಸುಟ್ಟ ಕರಿಯನ್ನು ಅರೆದು ಸೇರಿಸಿ ಕೀಲೆಣ್ಣೆ ತಯಾರಿಸುತ್ತಿದ್ದರು. ದೂರದ ಪಯಣಕ್ಕೆ ಹೊರಡುವ ಮೊದಲು ಕಡಾಣಿ ತೆಗೆದು, ಗಾಲಿಯನ್ನು ಅಚ್ಚಿನ ತುದಿಯವರೆಗೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿದು ಮತ್ತೆ ಕೂರಿಸುವುದು ಬಂಡಿ ಹೊಡೆಯುವವರ ಕಡ್ಡಾಯದ ಕೆಲಸವಾಗಿತ್ತು. ಔಡಲ ಎಣ್ಣೆ ಗಟ್ಟಿಯಾಗಿದ್ದು ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಗುಣದಿಂದಲೇ ಈ ಕೆಲಸಕ್ಕೆ ಒದಗಿತ್ತು. ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯೆಂದರೆ, ಇಂದು ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಲಿಥಿಯಂ ಗ್ರೀಸಿನ ಮೂಲದಲ್ಲಿಯೂ ಅದೇ ಔಡಲವಿದೆ. ಗ್ರೀಸು ಎಂದರೆ ಬರಿಯ ದಪ್ಪ ಎಣ್ಣೆಯಲ್ಲ. ಅದರ ಬಹುಪಾಲು ಖನಿಜತೈಲವಾಗಿದ್ದು, ಆ ತೈಲವನ್ನು ಹರಿದುಹೋಗದಂತೆ ತನ್ನ ಎಳೆಗಳ ನಡುವೆ ಹಿಡಿದಿಟ್ಟುಕೊಳ್ಳುವ ಒಂದು ಬಗೆಯ ಸಾಬೂನು ಉಳಿದ ಪಾಲಾಗಿರುತ್ತದೆ. ಕ್ಲಾರೆನ್ಸ್ ಅರ್ಲ್ ಎಂಬ ಅಮೆರಿಕದ ರಸಾಯನಜ್ಞ 1942ರಲ್ಲಿ ಲಿಥಿಯಂ ಸಾಬೂನಿನ ಗ್ರೀಸಿಗೆ ಹಕ್ಕುಪತ್ರ ಪಡೆದ ಮೇಲೆ ಈ ಬಗೆ ಜಗತ್ತಿನಾದ್ಯಂತ ಹರಡಿತು. ಅದರ ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ದೊರೆಯುವುದು ಔಡಲ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಸಂಸ್ಕರಿಸಿದಾಗ, ಮತ್ತು ಜಗತ್ತಿನಲ್ಲಿ ಅತಿ ಹೆಚ್ಚು ಔಡಲ ಬೆಳೆಯುವ ದೇಶ ಭಾರತವೇ ಆಗಿದೆ.

ಹಬ್ಬಿಗೆ ಯಾವ ಗ್ರೀಸು ಎಂಬ ಪ್ರಶ್ನೆಗೆ ಉತ್ತರ ಈ ಸಾಬೂನಿನಲ್ಲಿಯೇ ಇದೆ. ಅಗ್ಗದ ಚಾಸಿ ಗ್ರೀಸಿನಲ್ಲಿ ಸಾಮಾನ್ಯವಾಗಿ ಇರುವುದು ಸುಣ್ಣದ, ಅಂದರೆ ಕ್ಯಾಲ್ಸಿಯಂ ಸಾಬೂನು. ಅದು ನೀರಿಗೆ ಚೆನ್ನಾಗಿ ತಡೆಯುತ್ತದೆ, ಆದರೆ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಕರಗಿ ತೊಟ್ಟಿಕ್ಕುತ್ತದೆ. ಲಿಥಿಯಂ ಗ್ರೀಸು ನೀರಿಗೂ ತಕ್ಕಮಟ್ಟಿಗೆ ತಡೆದು, ಸುಮಾರು 180 ಡಿಗ್ರಿಯವರೆಗೆ ತನ್ನ ರೂಪ ಉಳಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲಿನಲ್ಲಿ, ಡಾಂಬರಿನ ಝಳದ ಮೇಲೆ ಓಡುವ ಟ್ರೇಲರಿಗೆ ಲಿಥಿಯಂ ಗ್ರೀಸೇ ತಕ್ಕದ್ದು. ಡಬ್ಬಿಯ ಮೇಲೆ ಎನ್‌ಎಲ್‌ಜಿಐ 2 ಅಥವಾ 3 ಎಂದು ಬರೆದಿರುವುದು ಅದರ ಗಟ್ಟಿತನದ ದರ್ಜೆಯನ್ನು ಸೂಚಿಸುತ್ತದೆ; ಅಂಕಿ ಹೆಚ್ಚಿದಷ್ಟೂ ಗ್ರೀಸು ಗಟ್ಟಿ, ಮತ್ತು ಗಾಲಿಯ ಬೇರಿಂಗಿಗೆ ಈ ಎರಡೂ ದರ್ಜೆಗಳು ಬಳಕೆಯಲ್ಲಿವೆ. ಬಣ್ಣ ನೋಡಿ ಹೊಸ ಗ್ರೀಸಿನ ಗುಣ ಅಳೆಯುವ ರೂಢಿಗೆ ಯಾವ ಆಧಾರವೂ ಇಲ್ಲ, ಏಕೆಂದರೆ ಬಣ್ಣವನ್ನು ತಯಾರಕರು ತಮಗೆ ಬೇಕಾದಂತೆ ಬೆರೆಸುತ್ತಾರೆ. ಬೇರೆ ಬೇರೆ ಸಾಬೂನಿನ ಗ್ರೀಸುಗಳನ್ನು ಒಂದರ ಮೇಲೊಂದು ತುಂಬಿದರೆ ಕೆಲವು ಜೋಡಿಗಳು ಪರಸ್ಪರ ಹೊಂದದೆ ತೆಳುವಾಗಿ ಸೋರಿಹೋಗುತ್ತವೆ. ಹಳೆಯದು ಯಾವುದೆಂದು ಗೊತ್ತಿಲ್ಲದಿದ್ದಾಗ ಅದನ್ನು ಪೂರ್ತಿ ತೆಗೆದು ತೊಳೆಯುವುದೇ ಸರಿ.

ಆದರೂ ಈ ಸೀಮೆಯ ಹಬ್ಬುಗಳು ಗ್ರೀಸಿನ ಕೊರತೆಗಿಂತ ಹೆಚ್ಚಾಗಿ ನೀರಿನಿಂದ ಕೆಡುತ್ತವೆ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ ತಲೆಯೆತ್ತಿ, ಅದರ ಎಡದಂಡೆ ಕಾಲುವೆಯ ಹುಣಸಗಿ, ಶಹಾಪುರ, ಮುಡಬೂಳ ಶಾಖೆಗಳಲ್ಲಿ ನೀರು ಹರಿದ ಮೇಲೆ, ಜೋಳ ತೊಗರಿಗಳ ಒಣಭೂಮಿಯ ಬಹುಭಾಗ ಭತ್ತದ ಗದ್ದೆಯಾಯಿತು. ಒಣಹೊಲದಲ್ಲಿ ಗಾಲಿಗೆ ಧೂಳಿನ ಕಾಟವಷ್ಟೇ ಇತ್ತು; ಗದ್ದೆಯ ಕೆಸರು, ಹೊಲಗಾಲುವೆ, ತುಂಬಿದ ಹಳ್ಳಗಳನ್ನು ದಾಟುವ ಟ್ರೇಲರಿನ ಹಬ್ ಅನೇಕ ಸಲ ಪೂರ್ತಿ ಮುಳುಗುತ್ತದೆ. ಮುಳುಗಿದ ಮಾತ್ರಕ್ಕೆ ನೀರು ಒಳಗೆ ಹೋಗಬೇಕೆಂದೇನಿಲ್ಲ, ಏಕೆಂದರೆ ಒಳ್ಳೆಯ ಸೀಲು ಅದನ್ನು ತಡೆಯುತ್ತದೆ. ನಿಜವಾದ ತೊಂದರೆ ಇರುವುದು ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ. ದೂರದಿಂದ ಓಡಿ ಬಂದ ಹಬ್ಬಿನೊಳಗಿನ ಗಾಳಿ 60 ಡಿಗ್ರಿಯಷ್ಟು ಕಾದಿದ್ದು, ನೀರು ತಾಕಿದೊಡನೆ 30 ಡಿಗ್ರಿಗೆ ಇಳಿದರೆ ಅದರ ಗಾತ್ರ ಸುಮಾರು ಶೇ 9ರಷ್ಟು ಕುಗ್ಗುತ್ತದೆ. ಆ ತೆರವನ್ನು ತುಂಬಲು ಹೊರಗಿನದನ್ನು ಒಳಗೆ ಎಳೆದುಕೊಳ್ಳುವ ಸೆಳೆತ ಉಂಟಾಗಿ, ಸೀಲಿನ ತುಟಿ ಮತ್ತು ಅಚ್ಚಿನ ನಡುವಿನ ಸಂದಿಯಿಂದ ನೀರು ಒಳಸೇರುತ್ತದೆ. ದಿನದ ಹೇರು ಮುಗಿಸಿ ಬಂದ ಕೂಡಲೇ ಟ್ರೇಲರನ್ನು ನೇರ ಕಾಲುವೆಗೋ ಹೊಳೆಗೋ ಇಳಿಸಿ ತೊಳೆಯುವ ಪದ್ಧತಿ ಈ ಕಾರಣದಿಂದ ಬಹಳ ಹಾನಿಕರವಾದುದು. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿ ಹಬ್ ತಣಿದ ಮೇಲೆ ತೊಳೆದರೆ ಈ ಸೆಳೆತ ಬಹುಮಟ್ಟಿಗೆ ತಪ್ಪುತ್ತದೆ.

ನೀರಿನ ಹಿಂದೆಯೇ ಮಣ್ಣು ಬರುತ್ತದೆ. ಎರೆಮಣ್ಣು ಹಸಿಯಿದ್ದಾಗ ಹಬ್ಬಿನ ಹಿಂಭಾಗಕ್ಕೆ ಮೆತ್ತಿಕೊಂಡು, ಒಣಗಿದಾಗ ಕಲ್ಲಿನಂತೆ ಗಡುಸಾಗಿ ಸೀಲಿನ ತುಟಿಯನ್ನು ಉಜ್ಜುತ್ತದೆ. ಭತ್ತದ ಹುಲ್ಲಿನ ಎಳೆ, ಹತ್ತಿಯ ನೂಲು, ಬದುವಿನಲ್ಲಿ ಬಿದ್ದ ಪ್ಲಾಸ್ಟಿಕ್ ದಾರ ಇವೆಲ್ಲ ಅಚ್ಚಿಗೆ ಸುತ್ತಿಕೊಂಡು ಅದೇ ಸಂದಿಯನ್ನು ಕೊಯ್ಯುತ್ತವೆ. ಭೀಮಾ ಮತ್ತು ಕೃಷ್ಣೆಯ ಮರಳು ಇವೆಲ್ಲಕ್ಕಿಂತ ಕೆಟ್ಟದ್ದು: ಮರಳಿನ ಬೆಣಚುಕಲ್ಲಿನ ಕಣ ಬೇರಿಂಗಿನ ಉಕ್ಕಿಗಿಂತಲೂ ಗಡಸು, ಉರುಳೆಗೂ ಕಪ್ಪಿಗೂ ನಡುವೆ ಇರುವ ಎಣ್ಣೆಯ ಪದರವಾದರೋ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ತೆಳು. ಒಳಗೆ ಹೊಕ್ಕ ಮರಳಿನೊಂದಿಗೆ ಗ್ರೀಸು ಬೆರೆತಾಗ ಅದು ಜಿಡ್ಡಾಗಿ ಉಳಿಯದೆ ಸಾಣೆಯ ಪುಡಿಯಾಗುತ್ತದೆ.

ಇದನ್ನು ಮನಗಂಡರೆ ಹಬ್ಬದ ಹಿಂದಿನ ದಿನ ನಿಪ್ಪಲಿಗೆ ಗ್ರೀಸ್ ಗನ್ನು ಹಚ್ಚಿ ನಾಲ್ಕು ಒತ್ತು ಒತ್ತಿಸಿದ್ದನ್ನೇ ಸರ್ವಿಸ್ ಎಂದು ನಂಬುವುದು ಎಷ್ಟು ಅಪಾಯದ ನಂಬಿಕೆ ಎಂಬುದು ತಿಳಿಯುತ್ತದೆ. ಹಬ್ಬಿನ ಮೈಮೇಲಿನ ನಿಪ್ಪಲಿನಿಂದ ಹೋದ ಹೊಸ ಗ್ರೀಸು ಎರಡು ಬೇರಿಂಗುಗಳ ನಡುವಿನ ಖಾಲಿ ಜಾಗವನ್ನು ತುಂಬುತ್ತದೆಯೇ ಹೊರತು ಉರುಳೆಗಳ ಸಂದಿನಲ್ಲಿ ಕುಳಿತ ಹಳೆಯ ಕೊಳೆಯನ್ನೂ ನೀರನ್ನೂ ಹೊರದೂಡುವುದಿಲ್ಲ. ಒತ್ತುತ್ತಲೇ ಹೋದರೆ ಒತ್ತಡ ತಾಳಲಾರದೆ ಒಳಗಿನ ಸೀಲೇ ಕಿತ್ತುಬರುತ್ತದೆ, ಆ ಸೀಲು ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಹಬ್ಬನ್ನು ಪೂರ್ತಿ ಬಿಚ್ಚಿ, ತೊಳೆದು, ಕಣ್ಣಿನಿಂದ ನೋಡುವುದಕ್ಕೆ ಗ್ರೀಸ್ ಗನ್ನು ಪರ್ಯಾಯವಲ್ಲ.

ಈ ಕೆಲಸಕ್ಕೆ ಈ ಭಾಗದ ಕೃಷಿ ಪಂಚಾಂಗದಲ್ಲಿ ತಕ್ಕ ಸಮಯವೂ ಇದೆ. ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಗೆ ಮುಂಚಿನ ವಾರಗಳಲ್ಲಿ ಬೇಸಿಗೆ ಭತ್ತದ ಸಾಗಣೆ ಮುಗಿದಿರುತ್ತದೆ, ನೆಲ ಇನ್ನೂ ಗಟ್ಟಿಯಿರುತ್ತದೆ, ಬಿತ್ತನೆಯ ಅವಸರ ಶುರುವಾಗಿರುವುದಿಲ್ಲ. ಮಳೆಗಾಲದಲ್ಲಿ ಕೆಸರು ಹಾಯ್ದ ಟ್ರೇಲರುಗಳನ್ನು ಹತ್ತಿ ಬಿಡಿಸುವ ಮೊದಲು, ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ, ಕನಿಷ್ಠ ಕ್ಯಾಪ್ ತೆಗೆದು ಗ್ರೀಸಿನ ಬಣ್ಣವನ್ನಾದರೂ ಪರೀಕ್ಷಿಸಬೇಕು. ಹತ್ತಿಯ ಮಾತು ವಿಶೇಷವಾದುದು: ಬಿಡಿ ಹತ್ತಿಯನ್ನು ಎತ್ತರಕ್ಕೆ ಹೇರಿ ಅದು ಗಾಲಿಯ ಮೇಲೂ ಇಳಿಬಿದ್ದಿರುವಾಗ, ಕೆಳಗೆ ಕಾದು ಕೆಂಪಾಗುವ ಬೇರಿಂಗೊಂದು ಇರುವುದು ಬೆಂಕಿಗೆ ಆಹ್ವಾನವಿತ್ತಂತೆ.

ಗಾಲಿ ಎತ್ತುವ ಮೊದಲು ಟ್ರೇಲರು ಪೂರ್ತಿ ಖಾಲಿಯಿರಬೇಕು. ಎರಡು ಗಾಲಿಯ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಬಿಚ್ಚಿದರೆ ಮೂತಿ ಮೇಲೇಳುವ ಅಥವಾ ಕೆಳಗೆ ಬೀಳುವ ಸಂಭವವಿರುವುದರಿಂದ, ಟ್ರ್ಯಾಕ್ಟರಿಗೆ ಹೂಡಿದಂತೆಯೇ ಇಟ್ಟು, ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕು ಹಾಕಿ, ನೆಲದಲ್ಲಿ ಉಳಿಯುವ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಎರೆಮಣ್ಣಿನ ಅಂಗಳದಲ್ಲಿ ಜಾಕಿಯ ತಳ ನೆಲಕ್ಕೆ ಇಳಿದು ವಾಲುತ್ತದೆ. ಅಗಲವಾದ ದಪ್ಪ ಹಲಗೆಯ ಮೇಲೆ ಜಾಕಿ ಇಟ್ಟು ಎತ್ತಿ, ಆ ಬಳಿಕ ಅಚ್ಚಿನ ಕೆಳಗೆ ಮರದ ದಿಮ್ಮಿಯನ್ನೋ ಕಬ್ಬಿಣದ ಸ್ಟ್ಯಾಂಡನ್ನೋ ಕೊಟ್ಟು ಭಾರವನ್ನು ಅದರ ಮೇಲೆ ಇಳಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಬಾರದು, ಮಕ್ಕಳನ್ನು ಆ ಸುತ್ತಿಗೆ ಬಿಡಬಾರದು.

ಬಿಚ್ಚುವುದಕ್ಕೆ ಮುನ್ನ ಎತ್ತಿದ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ನಟ್ಟು ಎಷ್ಟು ಸಡಿಲಿದೆ ಎಂಬುದೂ, ಕೈಯಿಂದ ತಿರುಗಿಸಿ ಕಿವಿಗೊಟ್ಟರೆ ಉರುಳೆ ಗರಗರ ಎನ್ನುತ್ತಿದೆಯೇ ಎಂಬುದೂ ತಿಳಿಯುತ್ತದೆ. ರಿಮ್ಮಿನ ಒಳಮೈಯಲ್ಲಿ ಕರಿ ಜಿಡ್ಡು ಕಿರಣಗಳಂತೆ ಚೆಲ್ಲಿದ್ದರೆ ಸೀಲು ಹೋಗಿದೆಯೆಂದೇ ಅರ್ಥ. ಗಾಲಿ ತೆಗೆದು, ಕ್ಯಾಪನ್ನು ಸುತ್ತಲೂ ಮೆಲ್ಲಗೆ ತಟ್ಟಿ ಕಳಚಿ, ಪಿನ್ನು ನೇರಮಾಡಿ ಎಳೆದು, ಪಾನಾ ಹಾಕಿ ನಟ್ಟು ಬಿಚ್ಚಿ, ಹಬ್ಬನ್ನು ಸ್ವಲ್ಪ ಮುಂದೆ ಎಳೆದರೆ ಹೊರಗಿನ ಬೇರಿಂಗು ಕೈಗೆ ಬರುತ್ತದೆ. ಆಗ ಒರೆಸುವ ಆತುರ ಬೇಡ. ಹಳೆಯ ಗ್ರೀಸು ಒಳಗೆ ನಡೆದುದನ್ನೆಲ್ಲ ಹೇಳುತ್ತದೆ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಪ್ಪಾಗಿ ಗಟ್ಟಿಯಾಗಿ ಸುಟ್ಟ ವಾಸನೆ ಇದ್ದರೆ ಕಾದಿದೆ. ಬೆರಳುಗಳ ನಡುವೆ ತಿಕ್ಕಿದಾಗ ಕಿರಿಕಿರಿ ಎನಿಸಿದರೆ ಮರಳು ಇದೆ. ಬಿಸಿಲಿಗೆ ಹಿಡಿದಾಗ ಬೆಳ್ಳಿಪುಡಿಯಂತೆ ಮಿನುಗಿದರೆ ಅದು ಸವೆದ ಉಕ್ಕು.

ಬೇರಿಂಗುಗಳನ್ನು ಡೀಸೆಲ್ಲಿನಲ್ಲಿ ನೆನೆಸಿ, ಬ್ರಷ್ಷಿನಿಂದ ಉರುಳೆ ಉರುಳೆಯ ನಡುವೆ ತಿಕ್ಕಿ ತೊಳೆದು, ಪೂರ್ತಿ ಒಣಗಲು ಬಿಡಬೇಕು. ಉಳಿದ ಡೀಸೆಲ್ಲು ಹೊಸ ಗ್ರೀಸನ್ನು ತೆಳುವಾಗಿಸುತ್ತದೆ. ಪೆಟ್ರೋಲನ್ನು ಈ ಕೆಲಸಕ್ಕೆ ಬಳಸಲೇಬಾರದು, ಗಾಳಿ ಹೊಡೆಯುವ ಪೈಪಿನಿಂದ ಬೇರಿಂಗನ್ನು ಗಿರ್ರೆಂದು ತಿರುಗಿಸುವುದೂ ಅಪಾಯಕರ. ತೊಳೆದ ಕಪ್ಪಿನ ಒಳಮೈಯನ್ನು ಬೆಳಕಿಗೆ ಹಿಡಿದಾಗ ಒಂದೇ ಸಮನೆ ನುಣುಪಾದ ಬೂದು ಬಣ್ಣ ಕಂಡರೆ ಅದು ಇನ್ನೂ ಬಾಳುತ್ತದೆ. ಆದರೆ ಮಳೆಗಾಲವಿಡೀ ಒಂದೇ ಕಡೆ ನಿಂತ ಟ್ರೇಲರುಗಳ ಕಪ್ಪಿನ ಕೆಳಭಾಗದಲ್ಲಿ, ಉರುಳೆಗಳು ನಿಂತ ಅಂತರದಲ್ಲಿಯೇ, ಸಣ್ಣ ಸಣ್ಣ ತುಕ್ಕಿನ ಗೆರೆಗಳು ಸಾಲಾಗಿ ಮೂಡಿರುತ್ತವೆ: ಒಳಸೇರಿದ ನೀರು ಉರುಳೆಯ ಅಂಚಿನಲ್ಲಿ ನಿಂತು ತಿಂಗಳುಗಟ್ಟಲೆ ಕೊರೆದ ಗುರುತು ಅದು. ಉಗುರು ಆಡಿಸಿದಾಗ ಆ ಗೆರೆ ತಡೆದರೆ ಬೇರಿಂಗು ಬದಲಿಸದೆ ಗತ್ಯಂತರವಿಲ್ಲ, ಏಕೆಂದರೆ ಅಂಥ ಗೆರೆಯಿಂದಲೇ ಉಕ್ಕು ಚಕ್ಕೆಯೇಳಲು ತೊಡಗುತ್ತದೆ. ನೀಲಿ ಛಾಯೆ ಬಂದ ಉರುಳೆ ಕಾದು ತನ್ನ ಗಡಸುತನ ಕಳೆದುಕೊಂಡಿರುವುದರಿಂದ ಅದನ್ನೂ ಉಳಿಸಿಕೊಳ್ಳುವಂತಿಲ್ಲ. ಬದಲಿಸುವಾಗ ಕಪ್ಪು ಮತ್ತು ಕೋನು ಎರಡನ್ನೂ ಜೊತೆಯಾಗಿ ಬದಲಿಸಬೇಕು. ಹಳೆಯದರ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋಗುವುದಕ್ಕಿಂತ ಹಳೆಯ ಬೇರಿಂಗನ್ನೇ ಒಯ್ಯುವುದು ಮೇಲು. ಕಪ್ಪನ್ನು ಹೊರತೆಗೆಯಲು ಹಿತ್ತಾಳೆಯ ಸರಳು ಬಳಸಬೇಕು. ಗಡಸು ಉಕ್ಕಿನ ಮೇಲೆ ನೇರ ಸುತ್ತಿಗೆ ಬಿದ್ದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಕಪ್ಪು ಹಬ್ಬಿನೊಳಗೆ ಸಡಿಲಾಗಿ ತಿರುಗುತ್ತಿದ್ದರೆ ಅಥವಾ ಅಚ್ಚಿನ ದಂಡಕ್ಕೆ ಗೀರು ಬಿದ್ದಿದ್ದರೆ ಮನೆಯ ಕೆಲಸ ಅಲ್ಲಿಗೆ ನಿಂತು ಲೇತಿನ ಕೆಲಸ ಆರಂಭವಾಗುತ್ತದೆ.

ಗ್ರೀಸು ತುಂಬುವುದಕ್ಕೆ ಅಂಗೈಗಿಂತ ಒಳ್ಳೆಯ ಉಪಕರಣವಿಲ್ಲ. ಬೆಣ್ಣೆಯ ಮುದ್ದೆಯಷ್ಟು ಗ್ರೀಸನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕೋನಿನ ದಪ್ಪ ತುದಿಯ ಅಂಚನ್ನು ಅದರೊಳಗೆ ಅದುಮಿ ಅದುಮಿ ಎಳೆಯುತ್ತ ಹೋದರೆ, ಗ್ರೀಸು ಉರುಳೆಗಳ ನಡುವೆ ಹಾದು ಸಣ್ಣ ತುದಿಯಿಂದ ಸಣ್ಣ ಎಳೆಗಳಾಗಿ ಹೊರಬರುತ್ತದೆ. ಹಾಗೆ ಸುತ್ತಲೂ ಹೊರಬಂದ ಮೇಲೆಯೇ ಬೇರಿಂಗು ತುಂಬಿತೆಂದು ತಿಳಿಯಬೇಕು. ಹಬ್ಬಿನ ನಡುವಿನ ತೆರವನ್ನು ಮಾತ್ರ ಮೂರರಲ್ಲೊಂದರಿಂದ ಅರ್ಧದವರೆಗೆ ತುಂಬಿ ನಿಲ್ಲಿಸಬೇಕು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಕಿಕ್ಕಿರಿದ ಗ್ರೀಸು ಕಡೆದು ಕಡೆದು ತಾನೇ ಬಿಸಿಯಾಗಿ ಹಿಗ್ಗಿ ಸೀಲನ್ನು ದೂಡುತ್ತದೆ. ಸೀಲಂತೂ ಪ್ರತಿ ಸಲವೂ ಹೊಸದಾಗಿರಬೇಕು. ಅದರ ಸ್ಪ್ರಿಂಗ್ ಇರುವ ಮಗ್ಗುಲು ಗ್ರೀಸಿನ ಕಡೆಗೆ ಮುಖ ಮಾಡಿರುವಂತೆ, ಮರದ ತುಂಡೊಂದನ್ನು ಮೇಲಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ, ತುಟಿಗೆ ತೆಳುವಾಗಿ ಗ್ರೀಸು ಸವರಬೇಕು.

ಇಡೀ ಕೆಲಸದಲ್ಲಿ ಹೆಚ್ಚಿನ ಎಚ್ಚರ ಬೇಡುವುದು ನಟ್ಟು. ಅದು ಬರಿಯ ಹಬ್ ಬೀಳದಂತೆ ಹಿಡಿಯುವ ನಟ್ಟಾಗಿದ್ದರೆ ಬಲ ಹಾಕಿ ಬಿಗಿದು ಬಿಡಬಹುದಿತ್ತು. ಆದರೆ ಎರಡು ಟೇಪರ್ ಬೇರಿಂಗುಗಳು ಎದುರುಬದುರಾಗಿರುವುದರಿಂದ ಉರುಳೆಗಳಿಗೂ ಕಪ್ಪಿಗೂ ಎಷ್ಟು ಎಡೆ ಇರಬೇಕೆಂಬುದನ್ನು ನಿರ್ಧರಿಸುವುದೇ ಈ ನಟ್ಟು. ಬಿಗಿ ಹೆಚ್ಚಾದರೆ ಎಡೆಯೇ ಇಲ್ಲದೆ ಬೇರಿಂಗು ಕೆಲವೇ ಕಿಲೋಮೀಟರುಗಳಲ್ಲಿ ಕಾಯುತ್ತದೆ. ಸಡಿಲಾದರೆ ಭಾರವೆಲ್ಲ ಒಂದೆರಡು ಉರುಳೆಗಳ ಮೇಲೆ ಬಿದ್ದು, ಗಾಲಿ ಓಲಾಡಿ, ಸೀಲಿನ ತುಟಿ ಒಂದು ಮಗ್ಗುಲಿಗೆ ಸವೆದು ಮತ್ತೆ ನೀರಿಗೆ ದಾರಿಯಾಗುತ್ತದೆ. ಆದ್ದರಿಂದ ಒಂದು ಕೈಯಿಂದ ಹಬ್ಬನ್ನು ನಿಧಾನವಾಗಿ ತಿರುಗಿಸುತ್ತಲೇ ಇನ್ನೊಂದು ಕೈಯಿಂದ ನಟ್ಟನ್ನು ಬಿಗಿಯುತ್ತ ಹೋಗಿ, ತಿರುಗುವುದು ಭಾರವೆನಿಸಿದಾಗ ನಿಲ್ಲಿಸಬೇಕು. ಹೀಗೆ ತಿರುಗಿಸುವುದರಿಂದಲೇ ಉರುಳೆಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ. ಬಳಿಕ ನಟ್ಟನ್ನು ಒಂದು ಸುತ್ತಿನ ಆರನೇ ಒಂದರಿಂದ ನಾಲ್ಕನೇ ಒಂದು ಪಾಲಿನಷ್ಟು ಹಿಂದಕ್ಕೆ ಬಿಚ್ಚಿ, ನಟ್ಟಿನ ಕಚ್ಚೂ ಅಚ್ಚಿನ ತೂತೂ ಕೂಡಿಬಂದಾಗ ಹೊಸ ಪಿನ್ನು ಹಾಕಿ ಕಾಲು ಅಗಲಿಸಿ ಮಡಚಬೇಕು. ತೂತು ಕೂಡದಿದ್ದರೆ ಮುಂದಿನ ಕಚ್ಚಿಗೆ ಸಡಿಲಿಸಬೇಕೇ ಹೊರತು ಬಿಗಿಯಬಾರದು. ಟ್ರೇಲರಿನ ತಯಾರಕರು ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಹಬ್ಬನ್ನು ಹಿಂದೆ ಮುಂದೆ ಎಳೆದಾಗ ಉಳಿಯಬೇಕಾದ ಆಟ ಮಿಲಿಮೀಟರಿನ ಕಾಲು ಭಾಗವನ್ನು ಮೀರಬಾರದು, ಅಂದರೆ ಕಣ್ಣಿಗೆ ಕಾಣದೆ ಕೈಗೆ ಮಾತ್ರ ತಿಳಿಯುವಷ್ಟು. ಪಿನ್ನಿನ ಬದಲು ಮೊಳೆಯನ್ನೋ ತಂತಿಯನ್ನೋ ತುರುಕುವ ರೂಢಿಯನ್ನು ಖಂಡಿಸಲೇಬೇಕು. ಅದು ಸವೆದು ತುಂಡಾದ ದಿನ ನಟ್ಟು ತಾನಾಗಿ ಬಿಚ್ಚಿ, ಹೇರು ತುಂಬಿದ ಟ್ರೇಲರಿನ ಗಾಲಿ ಎದುರಿನಿಂದ ಬರುವವರ ಮೇಲೆ ಉರುಳುತ್ತದೆ.

ಇಷ್ಟನ್ನೂ ಒಬ್ಬರೇ ಓದಿ ಕಲಿಯುವುದಕ್ಕಿಂತ ಒಮ್ಮೆ ಕಣ್ಣಾರೆ ಕಂಡು ಕಲಿಯುವುದು ಸುಲಭ. ಶಹಾಪುರದ ಬಳಿ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ಸುರಪುರದ ಬಳಿ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಎರಡೂ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಬೀಜ, ಗೊಬ್ಬರ, ಕೀಟಗಳ ಕುರಿತ ತರಬೇತಿಯ ಜೊತೆಗೆ ಬೇಸಿಗೆಯಲ್ಲಿ ಅರ್ಧ ದಿನದ ಹಬ್ ಬಿಚ್ಚುವ ಪ್ರಾತ್ಯಕ್ಷಿಕೆಯೊಂದನ್ನು ಇಂಥ ಸಂಸ್ಥೆಗಳು ಪ್ರತಿ ವರ್ಷ ಏರ್ಪಡಿಸುವುದು ಯೋಗ್ಯ, ಮತ್ತು ಅದಕ್ಕೆ ಟ್ರೇಲರಿನ ಮಾಲೀಕರಿಗಿಂತ ಮೊದಲು ಅದನ್ನು ದಿನವೂ ಓಡಿಸುವ ಚಾಲಕರನ್ನು ಕರೆಯಬೇಕು.

ಹೊಸದಾಗಿ ಗ್ರೀಸು ತುಂಬಿದ ಹಬ್ಬಿನ ಪರೀಕ್ಷೆ ಅಂಗಳದಲ್ಲಿ ಮುಗಿಯುವುದಿಲ್ಲ. ಖಾಲಿ ಟ್ರೇಲರನ್ನು ನಾಲ್ಕೈದು ಕಿಲೋಮೀಟರು ಓಡಿಸಿ ನಿಲ್ಲಿಸಿ, ಎರಡೂ ಹಬ್ಬುಗಳಿಗೆ ಮುಂಗೈಯನ್ನು ಮೊದಲು ಹತ್ತಿರ ಹಿಡಿದು, ಆಮೇಲೆ ಮುಟ್ಟಿ ಹೋಲಿಸಬೇಕು. ಎರಡೂ ಒಂದೇ ಸಮನಾಗಿ ಬೆಚ್ಚಗಿದ್ದರೆ ಹೇರು ಹಾಕಬಹುದು. ಒಂದು ಇನ್ನೊಂದಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ ಅದರ ನಟ್ಟು ಬಿಗಿಯಾಗಿದೆ ಎಂದು ತಿಳಿದು, ಮರಳಿ ಬಂದು, ತಣಿದ ಮೇಲೆ ಒಂದು ಕಚ್ಚು ಸಡಿಲಿಸಿ ನೋಡಬೇಕು. ಮೊದಲ ಹೇರಿನ ದಾರಿಯಲ್ಲಿ ಭೀಮೆಯ ಸೇತುವೆಗೆ ಬರುವ ಹೊತ್ತಿಗೋ, ಸುರಪುರದ ಏರು ಹತ್ತಿ ನಿಂತಾಗಲೋ, ಮತ್ತೊಮ್ಮೆ ಇಳಿದು ಮುಟ್ಟಿ ನೋಡುವುದು ಒಳ್ಳೆಯದು. ಹೇರಿನೊಂದಿಗೆ ಓಡಿದ ಮೊದಲ ವಾರದ ಬಳಿಕ ಕಪ್ಪುಗಳು ತಮ್ಮ ಜಾಗದಲ್ಲಿ ಇನ್ನಷ್ಟು ಒಳಗೆ ಕೂತು ನಟ್ಟು ತುಸು ಸಡಿಲಾಗುವುದು ಸಹಜವಾದ್ದರಿಂದ, ಗಾಲಿಯನ್ನು ಇನ್ನೊಮ್ಮೆ ಎತ್ತಿ ಅಲುಗಿಸಿ, ಆಟ ಹೆಚ್ಚಿದ್ದರೆ ಪಿನ್ನು ತೆಗೆದು ಸರಿಪಡಿಸಿ, ಬೇರೊಂದು ಹೊಸ ಪಿನ್ನು ಹಾಕಬೇಕು.